ಲ್ಯಾಬ್‌ನ ಬೆಳಕಿಗೆ ಸಿಗುವ ಶುಗರ್ ವಾಚ್‌ನ ಬೆಳಕಿಗೆ ಯಾಕೆ ಸಿಗುವುದಿಲ್ಲ?

ಆನ್‌ಲೈನ್ ಅಂಗಡಿಗಳಲ್ಲಿ ಶುಗರ್ ತೋರಿಸುವ ಸ್ಮಾರ್ಟ್‌ವಾಚ್ ಹುಡುಕಿದರೆ ಸಾಲುಸಾಲಾಗಿ ಸಿಗುತ್ತವೆ. ಕೈಗೆ ಕಟ್ಟಿಕೊಂಡರೆ ಸಾಕು, ಅದರ ಹಿಂಬದಿಯ ಬೆಳಕು ಚರ್ಮದೊಳಗೆ ಹೋಗಿ ರಕ್ತದ ಸಕ್ಕರೆ ಅಳೆಯುತ್ತದೆ, ಸೂಜಿ ಚುಚ್ಚಿಕೊಳ್ಳಬೇಕಿಲ್ಲ ಎಂಬ ಭರವಸೆ. ಆದರೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2024ರ ಫೆಬ್ರವರಿ 21ರಂದು ಒಂದು ಎಚ್ಚರಿಕೆ ಹೊರಡಿಸಿತು. ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚ್‌ಗೂ, ಯಾವ ಸ್ಮಾರ್ಟ್ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅದು ಯಾವ ಕಂಪನಿಯದ್ದೇ ಆಗಲಿ, ನಂಬಬೇಡಿ ಎಂದಿತು.

ಇಷ್ಟೇ ಆಗಿದ್ದರೆ ಗೊಂದಲ ಇರುತ್ತಿರಲಿಲ್ಲ. ಬೆಳಕಿನಿಂದ ರೋಗ ಪತ್ತೆ ಆಗುವುದಿಲ್ಲ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ 2025ರ ಮೇ ತಿಂಗಳಲ್ಲಿ ಇದೇ ಎಫ್‌ಡಿಎ ಅಲ್ಝೈಮರ್ ಕಾಯಿಲೆಯ ಗುರುತು ಹುಡುಕುವ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಆ ಪರೀಕ್ಷೆ ಕೊನೆಗೆ ಅಳೆಯುವುದು ಬೆಳಕನ್ನೇ. ಅದೇ ವರ್ಷದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ ಸುದ್ದಿ ಬಂತು. ಬೆಳಕು ಮತ್ತು ಶಬ್ದ ಎರಡನ್ನೂ ಬಳಸಿ, ಸೂಜಿಯಿಲ್ಲದೆ ಗ್ಲೂಕೋಸ್ ಅಳೆಯುವ ದಾರಿಯ ಬಗ್ಗೆ.

ಹಾಗಾದರೆ ಬೆಳಕನ್ನು ನಂಬಬೇಕೋ ಬೇಡವೋ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಎಷ್ಟೋ ಜನ ಬೆರಳಿಗೆ ಚುಚ್ಚಿಕೊಂಡು ಬೇಸತ್ತಿದ್ದಾರೆ. ಸೂಜಿ ಬೇಡ ಎನ್ನುವ ಮಾತು ಅವರಿಗೆ ಎಷ್ಟು ಹಿತವಾಗಿ ಕೇಳಿಸುತ್ತದೆ ಎಂಬುದು ಮಾರುವವರಿಗೂ ಗೊತ್ತಿದೆ.

ಉತ್ತರ ಎರಡು ವಿಷಯಗಳ ಮೇಲೆ ನಿಂತಿದೆ. ಬೆಳಕು ಬೀಳುವುದು ಎಲ್ಲಿ? ನಮಗೆ ಬೇಕಾದ ಅಣುವನ್ನು ಉಳಿದವುಗಳ ನಡುವೆ ಗುರುತಿಸಿಕೊಡುವವರು ಯಾರು?

ಬೆಳಕು ಲ್ಯಾಬ್‌ಗೆ ಹೊಸದಲ್ಲ

ಊರಿನ ಸಾಮಾನ್ಯ ಲ್ಯಾಬ್‌ನಲ್ಲಿ ಶುಗರ್ ಪರೀಕ್ಷೆ ಮಾಡಿಸುತ್ತೀರಿ, ಅಲ್ವಾ? ರಿಪೋರ್ಟ್‌ನಲ್ಲಿ ಎಷ್ಟೋ ಸಲ ‘ಜಿಒಡಿ-ಪಿಒಡಿ ವಿಧಾನ’ ಎಂದು ಬರೆದಿರುತ್ತದೆ. ರಕ್ತದ ಕಣಗಳನ್ನು ತೆಗೆದು ಉಳಿದ ದ್ರವಕ್ಕೆ ಒಂದು ರಾಸಾಯನಿಕ ಬೆರೆಸುತ್ತಾರೆ. ಅದರಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ರಕ್ತದಲ್ಲಿರುವ ನೂರಾರು ವಸ್ತುಗಳ ನಡುವೆ ಅದು ಗ್ಲೂಕೋಸನ್ನೇ ಹುಡುಕಿ ಕೆಲಸ ಮಾಡುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎರಡನೆಯ ಕಿಣ್ವ ಆ ಪೆರಾಕ್ಸೈಡ್ ಬಳಸಿ ಗುಲಾಬಿ ಬಣ್ಣ ಬರಿಸುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಸುಮಾರು 505 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕನ್ನು ಆ ದ್ರವದ ಮೂಲಕ ಹಾಯಿಸಿ, ಎಷ್ಟು ಬೆಳಕು ಕಡಿಮೆಯಾಯಿತು ಎಂದು ಯಂತ್ರ ನೋಡುತ್ತದೆ. ಅದೇ ನಿಮ್ಮ ಶುಗರ್ ಅಂಕಿ.

ಇಲ್ಲಿ ಬೆಳಕು ನೇರವಾಗಿ ಸಕ್ಕರೆಯನ್ನು ನೋಡಲಿಲ್ಲ. ಕಿಣ್ವ ಸಕ್ಕರೆಯನ್ನು ಹುಡುಕಿತು, ಬಣ್ಣ ಹುಟ್ಟಿತು, ಬೆಳಕು ಆ ಬಣ್ಣವನ್ನು ಅಳೆಯಿತು.

ಥೈರಾಯ್ಡ್ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಪಕ್ಕ ಸಿಎಲ್‌ಐಎ ಎಂದು ಕಾಣಿಸಿದರೆ ಅದೂ ಬೆಳಕಿನ ಪರೀಕ್ಷೆಯೇ. ಟಿಎಸ್‌ಎಚ್ ಅಣುವನ್ನು ಹಿಡಿದುಕೊಳ್ಳುವ ಪ್ರತಿಕಾಯ ಒಂದು. ಅದೇ ಅಣುವಿಗೆ ಇನ್ನೊಂದು ಕಡೆಯಿಂದ ಅಂಟುವ ಪ್ರತಿಕಾಯ ಮತ್ತೊಂದು. ಈ ಎರಡನೆಯದಕ್ಕೆ ಬೆಳಕು ಹೊಮ್ಮಿಸುವ ರಾಸಾಯನಿಕ ಅಂಟಿಸಿರುತ್ತಾರೆ. ಟಿಎಸ್‌ಎಚ್ ಇಲ್ಲದಿದ್ದರೆ ಎರಡನೆಯದು ತೊಳೆದುಹೋಗುತ್ತದೆ, ಬೆಳಕೂ ಇಲ್ಲ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಬಹುಮಟ್ಟಿಗೆ ಚಿನ್ನದ ನ್ಯಾನೊ ಕಣಗಳದ್ದು. ಅಷ್ಟು ಸಣ್ಣದಾದಾಗ ಚಿನ್ನ ಬೆಳಕಿನ ಜೊತೆ ಬೇರೆಯೇ ರೀತಿ ವರ್ತಿಸಿ ಕೆಂಪಾಗಿ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ‘ಸಿಟಿ ವ್ಯಾಲ್ಯೂ’ ಕೂಡ ಬೆಳಕಿನದೇ ಲೆಕ್ಕ: ಮಾದರಿಯಲ್ಲಿರುವ ವೈರಸ್‌ನ ವಂಶವಾಹಿಯನ್ನು ಎಷ್ಟು ಸುತ್ತು ಪ್ರತಿ ಮಾಡಿದ ಮೇಲೆ ಹೊಳಪು ಗೊತ್ತುಪಡಿಸಿದ ಗೆರೆ ದಾಟಿತು ಎಂಬುದು.

ನೂರು ಕೋಟಿ ಪಟ್ಟು ಕಡಿಮೆ ಇದ್ದರೂ ಸಿಕ್ಕಿತು

ಈಗ ಅಲ್ಝೈಮರ್ ಪರೀಕ್ಷೆಗೆ ಬರೋಣ. ಫುಜಿರೆಬಿಯೊ ಕಂಪನಿಯ ಲ್ಯುಮಿಪಲ್ಸ್ ಎಂಬ ಈ ಪರೀಕ್ಷೆ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ತೆಗೆದ ದ್ರವದಲ್ಲಿ, ಎರಡು ಪ್ರೋಟೀನ್‌ಗಳನ್ನು ಅಳೆದು ಅವುಗಳ ಅನುಪಾತ ನೋಡುತ್ತದೆ. ಒಂದು ಪಿ-ಟೌ 217, ಇನ್ನೊಂದು ಬೀಟಾ ಅಮೈಲಾಯ್ಡ್ 1-42. ಮಿದುಳಿನಲ್ಲಿ ಅಲ್ಝೈಮರ್‌ನ ಗುರುತಾದ ಅಮೈಲಾಯ್ಡ್ ಕಲೆಗಳು (ಪ್ರೋಟೀನ್ ಮುದ್ದೆಗಳು) ಕಟ್ಟಿವೆಯೋ ಇಲ್ಲವೋ ಎಂಬ ಸುಳಿವು ಅದರಿಂದ ಸಿಗುತ್ತದೆ. ಮೊದಲು ಇದಕ್ಕೆ ದುಬಾರಿ ಪೆಟ್ ಸ್ಕ್ಯಾನ್ ಬೇಕಿತ್ತು, ಇಲ್ಲವೇ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆಯಬೇಕಿತ್ತು.

ಪಿ-ಟೌ 217 ರಕ್ತದಲ್ಲಿ ಎಷ್ಟಿರುತ್ತದೆ? ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಒಂದು ಪಿಕೊಗ್ರಾಂನ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಪಿಕೊಗ್ರಾಂ ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದೇ ಒಂದು ಮಿಲಿಲೀಟರ್‌ನಲ್ಲಿ ಗ್ಲೂಕೋಸ್ ಸುಮಾರು ಒಂದು ಮಿಲಿಗ್ರಾಂ ಇರುತ್ತದೆ. ಅಂದರೆ ಸಕ್ಕರೆಗೆ ಹೋಲಿಸಿದರೆ ಈ ಪ್ರೋಟೀನ್ ನೂರು ಕೋಟಿ ಪಟ್ಟು ಕಡಿಮೆ.

ಅಷ್ಟು ಕಡಿಮೆ ಇರುವುದನ್ನು ಹಿಡಿಯುವ ಬೆಳಕಿಗೆ, ಅಷ್ಟು ಧಾರಾಳವಾಗಿರುವ ಸಕ್ಕರೆ ಮಣಿಕಟ್ಟಿನಲ್ಲಿ ಯಾಕೆ ಸಿಗುವುದಿಲ್ಲ? ಎಲ್ಲ ಗೊಂದಲದ ಬುಡ ಇಲ್ಲೇ ಇದೆ. ಲ್ಯುಮಿಪಲ್ಸ್‌ನಲ್ಲಿ ರಕ್ತ ದೇಹದಿಂದ ಹೊರಗೆ ಬಂದಿದೆ. ಪ್ರತಿಕಾಯಗಳು ಬೇಕಾದ ಪ್ರೋಟೀನನ್ನು ಹಿಡಿದಿವೆ. ಉಳಿದದ್ದೆಲ್ಲ ತೊಳೆದುಹೋಗಿದೆ. ಆಮೇಲೆ ಕಿಣ್ವವೊಂದು ಬೆಳಕು ಹೊಮ್ಮಿಸುತ್ತದೆ. ಕತ್ತಲಲ್ಲಿ ಆ ಬೆಳಕೊಂದೇ ಇರುವುದರಿಂದ ಎಷ್ಟು ಸಣ್ಣದಾದರೂ ಎಣಿಸಬಹುದು. ವಾಚ್‌ನ ಬೆಳಕಿಗೆ ಇಂಥ ಯಾವ ನೆರವೂ ಇಲ್ಲ.

ಇಷ್ಟಾದರೂ ಈ ಪರೀಕ್ಷೆಗೆ ಮಿತಿಗಳಿವೆ. ಒಪ್ಪಿಗೆ ಸಿಕ್ಕಿದ್ದು 55 ದಾಟಿದ, ಮರೆವಿನಂಥ ಲಕ್ಷಣ ಈಗಾಗಲೇ ಇರುವವರಿಗೆ ಮಾತ್ರ. ಎಫ್‌ಡಿಎ ನೋಡಿದ 499 ಮಾದರಿಗಳಲ್ಲಿ ಪಾಸಿಟಿವ್ ಬಂದವರ ಪೈಕಿ ಶೇ 91.7ರಷ್ಟು ಜನರಿಗೆ ಪೆಟ್ ಸ್ಕ್ಯಾನ್ ಇಲ್ಲವೇ ಬೆನ್ನುಹುರಿ ದ್ರವದ ಪರೀಕ್ಷೆಯಲ್ಲೂ ಅಮೈಲಾಯ್ಡ್ ಕಂಡಿತು. ನೆಗೆಟಿವ್ ಬಂದವರಲ್ಲಿ ಶೇ 97.3ರಷ್ಟು ಜನರಿಗೆ ಅಲ್ಲೂ ನೆಗೆಟಿವ್. ಶೇ 20ಕ್ಕಿಂತ ಕಡಿಮೆ ಜನರ ಫಲಿತಾಂಶ ಹೌದು-ಅಲ್ಲ ಎರಡೂ ಹೇಳದೆ ನಡುವೆ ಉಳಿಯಿತು. ಇದನ್ನು ಬಚ್ಚಿಡದೆ ಹೇಳಿದ್ದಾರೆ, ಅದಕ್ಕೇ ನಂಬಬಹುದು.

ಬೆರಳಿನ ಆಕ್ಸಿಮೀಟರ್ ಕೆಲಸ ಮಾಡುತ್ತದಲ್ಲ?

ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುವುದು ಆಗುವುದೇ ಇಲ್ಲ ಎಂದರೆ ಅದೂ ತಪ್ಪು. ಜಪಾನಿನ ನಿಹೊನ್ ಕೊಹ್ಡೆನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಟಕುಒ ಅಒಯಾಗಿ 1970ರ ದಶಕದಲ್ಲಿ ಪಲ್ಸ್ ಆಕ್ಸಿಮೀಟರ್‌ನ ತತ್ವ ಕಂಡುಕೊಂಡರು. ಬೆರಳಿಗೆ ಎರಡು ಬೆಳಕು ಬೀಳುತ್ತವೆ. ಸುಮಾರು 660 ನ್ಯಾನೊಮೀಟರ್‌ನ ಕೆಂಪು, ಸುಮಾರು 940 ನ್ಯಾನೊಮೀಟರ್‌ನ ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಬಡಿದಾಗಲೆಲ್ಲ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಮೂಳೆ, ಮಾಂಸ ಬದಿಗೆ ಸರಿದು ರಕ್ತದ ಸುದ್ದಿ ಮಾತ್ರ ಉಳಿಯುತ್ತದೆ.

ಇದು ಸಾಧ್ಯವಾಗಲು ಎರಡು ಕಾರಣ. ಹಿಮೋಗ್ಲೋಬಿನ್‌ಗೆ ಗಾಢವಾದ ಬಣ್ಣವಿದೆ. ಜೊತೆಗೆ ಅದು ರಕ್ತದಲ್ಲಿ ಹೇರಳವಾಗಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ 14 ಗ್ರಾಂ ಹಿಮೋಗ್ಲೋಬಿನ್ ಅಂದುಕೊಳ್ಳಿ. ಅಂದರೆ 14,000 ಮಿಲಿಗ್ರಾಂ. ಅಲ್ಲೇ ಸಕ್ಕರೆ ಸುಮಾರು 100 ಮಿಲಿಗ್ರಾಂ. 140 ಪಟ್ಟು ವ್ಯತ್ಯಾಸ. ಹುಟ್ಟಿದ ಮಗುವಿನ ಕಾಮಾಲೆಯನ್ನು ಹಣೆ ಅಥವಾ ಎದೆಗೆ ಬೆಳಕು ಹಾಯಿಸಿ ಅಂದಾಜು ಮಾಡುವ ಯಂತ್ರ ಕೂಡ ಹೀಗೇ ನಡೆಯುತ್ತದೆ, ಯಾಕೆಂದರೆ ಕಾಮಾಲೆಯಲ್ಲಿ ಹೆಚ್ಚಾಗುವ ಬಿಲಿರುಬಿನ್‌ನ ಬಣ್ಣ ಹಳದಿ. ಅಲ್ಲೂ ಅಂಕಿ ಹೆಚ್ಚು ಬಂದರೆ ರಕ್ತ ತೆಗೆದು ಖಚಿತ ಮಾಡಿಕೊಳ್ಳುತ್ತಾರೆ.

ಅಷ್ಟು ಅನುಕೂಲವಿರುವ ಆಕ್ಸಿಮೀಟರ್ ಕೂಡ ಪೂರ್ತಿ ನಿಷ್ಪಕ್ಷಪಾತಿಯಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ವಿಶ್ಲೇಷಣೆ ಒಂದು ಕಹಿ ಸತ್ಯ ತೋರಿಸಿತು. ರಕ್ತದಲ್ಲಿ ಆಮ್ಲಜನಕ ನಿಜವಾಗಿ ಇಳಿದಿದ್ದರೂ ಆಕ್ಸಿಮೀಟರ್ ಚೆನ್ನಾಗಿದೆ ಎಂದು ತೋರಿಸಿದ ಪ್ರಕರಣಗಳು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಇದ್ದವು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. 2025ರ ಜನವರಿಯಲ್ಲಿ ಎಫ್‌ಡಿಎ ಬೇರೆಬೇರೆ ಚರ್ಮದ ಬಣ್ಣದವರ ಮೇಲೆ ಇನ್ನೂ ಹೆಚ್ಚು ಪರೀಕ್ಷೆ ಮಾಡಬೇಕೆಂಬ ಕರಡು ಸೂಚನೆ ಹೊರಡಿಸಿತು. ಎಣ್ಣೆಗೆಂಪಿನಿಂದ ಕಡುಕಪ್ಪಿನವರೆಗೆ ಎಲ್ಲ ಬಣ್ಣದ ಚರ್ಮ ಇರುವ ನಮ್ಮ ದೇಶಕ್ಕೆ ಇದು ದೂರದ ವಿಷಯವಲ್ಲ.

ಸಕ್ಕರೆಗೆ ಬಣ್ಣವಿಲ್ಲ

ನೀರಿನಲ್ಲಿ ಕರಗಿದ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ. ವಾಚ್‌ನ ಹಸಿರು, ಕೆಂಪು ಬೆಳಕಿಗೂ ಕಾಣುವುದಿಲ್ಲ. ಅವಕೆಂಪಿನ ಕೆಲವು ಪಟ್ಟಿಗಳಲ್ಲಿ, ಮುಖ್ಯವಾಗಿ 1500ರಿಂದ 2500 ನ್ಯಾನೊಮೀಟರ್ ನಡುವೆ, ಗ್ಲೂಕೋಸ್ ಸ್ವಲ್ಪ ಬೆಳಕು ಹೀರುತ್ತದೆ. ಆದರೆ ಅಲ್ಲಿ ನೀರಿನ ಅಬ್ಬರ. ನಮ್ಮ ಚರ್ಮದೊಳಗೆ ಎಲ್ಲಕ್ಕಿಂತ ಹೆಚ್ಚಿರುವುದು ನೀರೇ. ಕೊಬ್ಬು, ಪ್ರೋಟೀನ್ ಕೂಡ ಅದೇ ಜಾಗದಲ್ಲಿ ಬೆಳಕು ಹೀರುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬರು ಮೆಲ್ಲಗೆ ಆಡಿದ ಮಾತನ್ನು ದೂರದಿಂದ ಕೇಳಿಸಿಕೊಂಡ ಹಾಗೆ.

ಗದ್ದಲ ಒಂದೇ ಸಮನೆ ಇದ್ದಿದ್ದರೆ ಅದನ್ನು ಕಳೆದು ಲೆಕ್ಕ ಹಾಕಬಹುದಿತ್ತು. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಚರ್ಮದ ಉಷ್ಣತೆ ಸ್ವಲ್ಪ ಏರಿದರೂ ನೀರು ಬೆಳಕು ಹೀರುವ ರೀತಿ ಬದಲಾಗುತ್ತದೆ. ಪಟ್ಟಿ ಬಿಗಿಯಾದರೆ ರಕ್ತ ಆಚೆ ಸರಿಯುತ್ತದೆ. ಬೆವರಿದರೆ ಇನ್ನೊಂದು. ಸಕ್ಕರೆ 100ರಿಂದ 120ಕ್ಕೆ ಏರಿದಾಗ ಆಗುವ ವ್ಯತ್ಯಾಸಕ್ಕಿಂತ ಈ ಏರುಪೇರುಗಳೇ ದೊಡ್ಡವು. ಅಗ್ಗದ ವಾಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನಾಡಿ ಮತ್ತು ಆಮ್ಲಜನಕ ನೋಡಲು ಮಾಡಿದ ಎಲ್‌ಇಡಿಗಳು. ಗ್ಲೂಕೋಸ್‌ಗೆ ಬೇಕಾದ ಅಲೆಯುದ್ದವೇ ಅವುಗಳಲ್ಲಿಲ್ಲ. ಹಾಗಾದರೆ ಪರದೆಯ ಮೇಲೆ ಅಂಕಿ ಎಲ್ಲಿಂದ ಬರುತ್ತದೆ?

ಸಕ್ಕರೆ ಇಲ್ಲದಲ್ಲೂ ಸಕ್ಕರೆ ಕಂಡಿತು

ಇದಕ್ಕೆ 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗ ಬಹಳ ಮುಖ್ಯ. ಮನುಷ್ಯರ ಅಂಗಾಂಶವನ್ನು ಹೋಲುವ ನಕಲಿ ಮಾದರಿ ಮಾಡಿದರು. ಅದರಲ್ಲಿ ಗ್ಲೂಕೋಸ್ ಹಾಕಲೇ ಇಲ್ಲ. ಆ ಮಾದರಿಯಿಂದ ಬಂದ ಬೆಳಕಿನ ದಾಖಲೆಗಳಿಗೆ ರೋಗಿಯೊಬ್ಬರ ಸಕ್ಕರೆಯ ಏರಿಳಿತದಂಥ ಅಂಕಿಗಳನ್ನು ಜೋಡಿಸಿ, ಲೆಕ್ಕದ ಸೂತ್ರ ಕಟ್ಟಿದರು. ಸೂತ್ರ ಚೆನ್ನಾಗಿ ಕೆಲಸ ಮಾಡಿದಂತೆಯೇ ತೋರಿತು! ಇಲ್ಲದ ಸಕ್ಕರೆಯನ್ನು ಅದು ಹೇಳುತ್ತಿತ್ತು.

ಕಾರಣ ಹೀಗೆ. ಊಟದ ನಂತರ ಸಕ್ಕರೆ ನಿಧಾನವಾಗಿ ಏರಿ, ಗಂಟೆಗಳ ಮೇಲೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಯಂತ್ರದ ಬಿಸಿ, ಚರ್ಮದ ಉಷ್ಣತೆ ಕೂಡ ನಿಧಾನವಾಗಿ ಬದಲಾಗುತ್ತವೆ. ಅಲೆಯುದ್ದಗಳು ನೂರಾರು, ಮಾದರಿಗಳು ಕೆಲವೇ. ಕಂಪ್ಯೂಟರ್ ಎಲ್ಲೋ ಒಂದು ಕಡೆ ಹೊಂದಿಕೆ ಹುಡುಕಿಯೇ ಹುಡುಕುತ್ತದೆ. ಈಗ ಎಐ ಬಂದ ಮೇಲೆ ಈ ಅಪಾಯ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ.

ಇನ್ನೂ ಸುಲಭದ ದಾರಿಯಿದೆ. ಆರೋಗ್ಯವಂತರ ಸಕ್ಕರೆ ದಿನದ ಬಹುಪಾಲು 80ರಿಂದ 130ರ ಒಳಗೇ ಇರುತ್ತದೆ. ಏನನ್ನೂ ಅಳೆಯದೆ ಸುಮ್ನೆ 105ರ ಆಸುಪಾಸಿನ ಅಂಕಿ ತೋರಿಸುತ್ತಾ ಹೋದರೂ, ಊಟದ ಹೊತ್ತು ನೋಡಿ ಸ್ವಲ್ಪ ಏರಿಸಿದರೂ, ಕೊಂಡವರು ಗ್ಲುಕೋಮೀಟರ್ ಜೊತೆ ಹೋಲಿಸಿ ‘ಪರವಾಗಿಲ್ಲ, ಹತ್ತಿರದಲ್ಲೇ ಇದೆ’ ಅನ್ನುತ್ತಾರೆ. ಉಪಕರಣದ ನಿಜ ಬಣ್ಣ ಗೊತ್ತಾಗುವುದು ಸಕ್ಕರೆ 55ಕ್ಕೆ ಇಳಿದಾಗ, ಇಲ್ಲವೇ 300ಕ್ಕೆ ಏರಿದಾಗ. ರೋಗಿಗೆ ಸರಿಯಾದ ಅಂಕಿ ಬೇಕಾಗುವುದೂ ಆಗಲೇ.

ವಿಜ್ಞಾನಿಗಳು ಯಾಕೆ ಕೈಬಿಟ್ಟಿಲ್ಲ

ಬೆಳಕಿಗೆ ಅಣುವಿನ ಗುರುತು ಹಿಡಿಯುವ ಒಂದು ದಾರಿ ನಿಜವಾಗಿಯೂ ಇದೆ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕೋಲ್ಕತ್ತದಲ್ಲಿ ಕಂಡುಕೊಂಡದ್ದು ಅದನ್ನೇ. ಅಣುವಿಗೆ ಬಡಿದು ಚದುರುವ ಬೆಳಕಿನಲ್ಲಿ ತೀರಾ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಯಾವ ಅಣು, ಎಂಥ ಬದಲಾವಣೆ ಎಂಬುದು ಬೆರಳಚ್ಚಿನಷ್ಟು ನಿಖರ. ಗ್ಲೂಕೋಸ್‌ಗೂ ಅದರದೇ ಗುರುತಿದೆ. ಕಷ್ಟವೆಂದರೆ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಹೀಗೆ ಬರುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ಮತ್ತು ಸ್ಯಾಮ್ಸಂಗ್ ಸಂಶೋಧಕರು ಜೀವಂತ ಹಂದಿಯ ಚರ್ಮದಿಂದ ಗ್ಲೂಕೋಸ್‌ನ ರಾಮನ್ ಗುರುತನ್ನು ನೇರವಾಗಿ ಕಂಡೆವು ಎಂದು ಪ್ರಕಟಿಸಿದರು. ಬರೀ ‘ಕಂಡೆವು’ ಎನ್ನುವುದೇ ದೊಡ್ಡ ಸುದ್ದಿಯಾಗಬೇಕಾದರೆ ದಾರಿ ಇನ್ನೆಷ್ಟು ದೂರವಿದೆ ಎಂದು ಊಹಿಸಬಹುದು.

ರಾಮನ್ ಬೆಳಕನ್ನು ಹಿಗ್ಗಿಸುವ ಉಪಾಯವೂ ಇದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒರಟು ಬೆಳ್ಳಿಯ ಮೇಲೆ ಅಂಟಿದ ಅಣುಗಳಿಂದ ಬಲವಾದ ರಾಮನ್ ಬೆಳಕು ಬರುವುದು ಕಂಡಿತು. ಬೆಳ್ಳಿ, ಚಿನ್ನದ ನ್ಯಾನೊ ಮೇಲ್ಮೈಗಳಲ್ಲಿ ಅದನ್ನು ಲಕ್ಷಗಟ್ಟಲೆ ಪಟ್ಟು ಹೆಚ್ಚಿಸಬಹುದು. ಒಂದು ಹನಿ ರಕ್ತ, ಜೊಲ್ಲು, ಮೂತ್ರದಿಂದ ಕ್ಯಾನ್ಸರ್ ಪತ್ತೆ ಎಂಬ ಸುದ್ದಿಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಇದೇ ವಿಧಾನ. ಆದರೆ ರಕ್ತ ಹಾಕಿದ ಕೂಡಲೇ ಅದರ ಪ್ರೋಟೀನ್‌ಗಳು ಲೋಹದ ಮೇಲೆ ಪದರ ಕಟ್ಟುತ್ತವೆ, ನಮಗೆ ಬೇಕಾದ ಅಣು ಹತ್ತಿರ ಬರಲಾಗುವುದಿಲ್ಲ. ಒಂದು ಚಿಪ್‌ನಂತೆ ಇನ್ನೊಂದನ್ನು ಮಾಡುವುದೂ ಕಷ್ಟ.

ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಯತ್ನ ಬೇರೆ ಬಗೆಯದು. ಲೇಸರ್ ಮಿಡಿತ ಬಿದ್ದ ಅಂಗಾಂಶ ತುಸುವೇ ಹಿಗ್ಗಿ ಕಿವಿಗೆ ಕೇಳಿಸದ ಶಬ್ದ ಹೊರಡಿಸುತ್ತದೆ. ಬೆಳಕಿನಂತೆ ಶಬ್ದ ಅಂಗಾಂಶದಲ್ಲಿ ಅಷ್ಟಾಗಿ ಚದುರುವುದಿಲ್ಲ. ಒಂದೇ ದಿಕ್ಕಿನಲ್ಲಿ ಕಂಪಿಸುವ (ಧ್ರುವೀಕರಿಸಿದ) ಬೆಳಕಿನ ಕಂಪನದ ದಿಕ್ಕನ್ನು ಗ್ಲೂಕೋಸ್ ತಿರುಗಿಸುತ್ತದೆ, ಅದರಿಂದ ಶಬ್ದದ ಬಲ ಬದಲಾಗುತ್ತದೆ. ಈ ಬದಲಾವಣೆಯಿಂದ ಸಕ್ಕರೆ ಅಂದಾಜು ಮಾಡಿದರು. ದ್ರಾವಣಗಳಲ್ಲಿ, ಪ್ರಾಣಿ ಅಂಗಾಂಶದ ತುಂಡುಗಳಲ್ಲಿ ಪರೀಕ್ಷೆಯಾಯಿತು. ಮನುಷ್ಯರ ಮೇಲೆ ಆದದ್ದು ಆರೋಗ್ಯವಂತ ವ್ಯಕ್ತಿಯೊಬ್ಬರಲ್ಲಿ ಮೂರು ದಿನದ ಪ್ರಾಥಮಿಕ ಪರೀಕ್ಷೆ. ಲೇಸರ್ ದೊಡ್ಡದು, ದುಬಾರಿ ಎಂದು ಸಂಶೋಧಕರೇ ಹೇಳಿದ್ದಾರೆ. ಇದು ಒಳ್ಳೆಯ ವಿಜ್ಞಾನ. ಅಂಗಡಿಗೆ ಬಂದ ಸಾಮಾನಲ್ಲ.

ಇನ್ನೊಂದು ದಾರಿ ಈಗಾಗಲೇ ರೋಗಿಗಳ ತೋಳಿನಲ್ಲಿದೆ. ಎವರ್‌ಸೆನ್ಸ್ ಎಂಬ ಸಣ್ಣ ಕ್ಯಾಪ್ಸೂಲನ್ನು ವೈದ್ಯರು ಚರ್ಮದಡಿ ಇಡುತ್ತಾರೆ. ಅದರ ಹೊರಮೈಗೆ ಗ್ಲೂಕೋಸ್ ಬಂದು ಕೂತಾಗ ಹೊಳೆಯುವ ರಾಸಾಯನಿಕವಿದೆ. ಒಳಗಿನ ಪುಟ್ಟ ಎಲ್‌ಇಡಿ ಆ ಹೊಳಪನ್ನು ಎಬ್ಬಿಸುತ್ತದೆ. 2018ರಲ್ಲಿ ಎಫ್‌ಡಿಎ ಒಪ್ಪಿತು, 2024ರಲ್ಲಿ ಒಂದು ವರ್ಷ ಬಾಳುವ ಮಾದರಿಗೂ ಒಪ್ಪಿಗೆ ಸಿಕ್ಕಿತು. ಮತ್ತೆ ಅದೇ ಮಾತು: ಸಕ್ಕರೆಯನ್ನು ಗುರುತಿಸಿಕೊಡುವ ರಾಸಾಯನಿಕ ಪಕ್ಕದಲ್ಲಿದ್ದರೆ ಬೆಳಕು ಗೆಲ್ಲುತ್ತದೆ. ತೋಳಿಗೆ ಅಂಟಿಸಿಕೊಳ್ಳುವ ಉಳಿದ ಜನಪ್ರಿಯ ಸೆನ್ಸರ್‌ಗಳು ಬೆಳಕಿನವಲ್ಲ. ಅವು ಚರ್ಮದಡಿ ಹೋಗುವ ಕೂದಲೆಳೆಯಂಥ ತಂತಿಯಲ್ಲಿ ಕಿಣ್ವ ಇಟ್ಟು ವಿದ್ಯುತ್ ಅಳೆಯುತ್ತವೆ.

ಯಾರ ವಾದ ಏನು

ವಾಚ್ ಮಾರುವವರು ಹೇಳುವುದು: ನಾವು ಚಿಕಿತ್ಸೆಗೆ ಅಂಕಿ ಕೊಡುತ್ತಿಲ್ಲ, ಜೀವನಶೈಲಿ ತಿದ್ದಿಕೊಳ್ಳಲು ಒಂದು ಅಂದಾಜು ಕೊಡುತ್ತಿದ್ದೇವೆ. ಪೆಟ್ಟಿಗೆಯ ಮೂಲೆಯಲ್ಲಿ ‘ವೈದ್ಯಕೀಯ ಬಳಕೆಗಲ್ಲ’ ಎಂದೂ ಬರೆದಿರುತ್ತಾರೆ. ಎಫ್‌ಡಿಎ ಮತ್ತು ವೈದ್ಯರು ಹೇಳುವುದು: ಪರದೆಯ ಮೇಲೆ 240 ಎಂದು ಕಂಡರೆ ರೋಗಿ ಅದನ್ನು ಅಂದಾಜು ಎಂದುಕೊಳ್ಳುವುದಿಲ್ಲ. ಇನ್ಸುಲಿನ್ ಜಾಸ್ತಿ ತೆಗೆದುಕೊಳ್ಳುತ್ತಾರೆ. ಸಕ್ಕರೆ ನಿಜವಾಗಿ 110 ಇದ್ದರೆ ಅದು ಕುಸಿದು ಕೆಲವೇ ಗಂಟೆಗಳಲ್ಲಿ ಎಚ್ಚರ ತಪ್ಪಬಹುದು, ಜೀವವೇ ಹೋಗಬಹುದು. ಉಲ್ಟಾ ಆದರೂ ನಷ್ಟವೇ. ವಾಚ್ ಎಲ್ಲ ಸರಿಯಿದೆ ಎಂದರೆ ಮಾತ್ರೆ ಬಿಡುತ್ತಾರೆ. ಕಣ್ಣು, ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತವೆ.

ಸಂಶೋಧಕರಲ್ಲಿ ಕೆಲವರು ಮೂರನೆಯ ಮಾತು ಹೇಳುತ್ತಾರೆ. ನಿಖರ ಅಂಕಿ ಆಗದಿದ್ದರೂ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿದರೂ ಉಪಯೋಗ ಎಂದು. ಅದು ನಿಜವಾಗಬಹುದು. ಆದರೆ ಆ ಏರಿಳಿತ ಸಕ್ಕರೆಯದ್ದೇ, ಚರ್ಮದ ಬಿಸಿಯದ್ದಲ್ಲ ಎಂದು ಮೊದಲು ತೋರಿಸಬೇಕು. ಆ ಹೊಣೆ ಮಾರುವವರದು. ಈ ವಿಷಯದಲ್ಲಿ ನನಗೆ ವೈದ್ಯರ ವಾದವೇ ಸರಿ ಎನಿಸುತ್ತದೆ.

ಶೇ 95 ಸರಿ ಎಂದರೆ ಎಷ್ಟು ಸರಿ?

ಒಂದು ಹನಿಯಿಂದ ಕ್ಯಾನ್ಸರ್ ಪತ್ತೆ ಎಂಬ ಸುದ್ದಿಗಳನ್ನು ಓದುವಾಗ ಒಂದು ಲೆಕ್ಕ ಕೈಯಲ್ಲಿರಲಿ. ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆ ಎಂದುಕೊಳ್ಳೋಣ. ಪರೀಕ್ಷೆ ರೋಗ ಇದ್ದವರಲ್ಲೂ ಇಲ್ಲದವರಲ್ಲೂ ಶೇ 95 ಸರಿ. ಒಂದು ಲಕ್ಷ ಜನರಿಗೆ ಮಾಡಿದರೆ ರೋಗ ಇರುವ 100 ಜನರಲ್ಲಿ 95 ಜನ ಸಿಗುತ್ತಾರೆ. ಆದರೆ ರೋಗವಿಲ್ಲದ 99,900 ಜನರಲ್ಲಿ ಶೇ 5, ಅಂದರೆ 4,995 ಜನರಿಗೂ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ ನೂರು ಜನರಲ್ಲಿ ನಿಜವಾಗಿ ರೋಗ ಇರುವುದು ಸುಮಾರು ಇಬ್ಬರಿಗೆ ಮಾತ್ರ. ಉಳಿದವರ ಆತಂಕ, ಸ್ಕ್ಯಾನ್, ಬಯಾಪ್ಸಿ ಖರ್ಚು ಯಾರು ಕೊಡುತ್ತಾರೆ? ಅಲ್ಝೈಮರ್ ಪರೀಕ್ಷೆಯನ್ನು ಲಕ್ಷಣ ಇರುವವರಿಗೆ ಮಾತ್ರ ಎಂದು ಮಿತಿಗೊಳಿಸಿದ್ದಕ್ಕೆ ಇದೂ ಕಾರಣ.

ಯಾವ ದ್ರವ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಣ್ಣೀರಿನಲ್ಲಿ ಸಕ್ಕರೆ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾಡುತ್ತೇವೆ ಎಂದು 2014ರಲ್ಲಿ ಗೂಗಲ್ ಘೋಷಿಸಿತ್ತು. ಅದು ಬೆಳಕಿನ ವಿಧಾನವಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ಸಾಕಷ್ಟು ತಾಳೆ ಸಿಗಲಿಲ್ಲ ಎಂದು 2018ರಲ್ಲಿ ಕೆಲಸ ನಿಲ್ಲಿಸಿದರು.

ಮುಂದೇನು

ಮುಂದಿನ ವರ್ಷಗಳಲ್ಲಿ ಬೆಳಕಿನ ಪರೀಕ್ಷೆಗಳು ದೊಡ್ಡ ಲ್ಯಾಬ್‌ನಿಂದ ಸಣ್ಣ ಆಸ್ಪತ್ರೆಗೆ ಇಳಿಯುವುದು ಬಹುತೇಕ ಖಚಿತ. ಕ್ಷಯರೋಗದ ಟ್ರೂನ್ಯಾಟ್ ಇದಕ್ಕೆ ನಮ್ಮದೇ ಉದಾಹರಣೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ, ಗೋವಾದ ಮೋಲ್ಬಿಯೊ ತಯಾರಿಸುವ ಈ ಯಂತ್ರ ಕಫದಲ್ಲಿರುವ ಕ್ಷಯದ ಕ್ರಿಮಿಯ ವಂಶವಾಹಿಯನ್ನು ಹೊಳಪಿನ ಮೂಲಕ ಪತ್ತೆ ಹಚ್ಚುತ್ತದೆ. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಹೋಗುವ ಊರಿಗೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನು ಅನುಮೋದಿಸಿತು.

ವಾಚ್‌ಗಳ ವಿಷಯದಲ್ಲಿ ಕೆಲಸ ಆಗಬೇಕಿರುವುದು ನಿಯಂತ್ರಕರ ಕಡೆಯಿಂದ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾನೂನಿನಡಿ ಬಂದಿವೆ. ಆದರೆ ಉಪಕರಣ ಯಾವ ಉದ್ದೇಶಕ್ಕೆ ಎಂದು ತಯಾರಕರು ಹೇಳುವುದರ ಮೇಲೆ ಬಹಳಷ್ಟು ನಿಂತಿದೆ. ‘ವೈದ್ಯಕೀಯ ಬಳಕೆಗಲ್ಲ’ ಎಂಬ ಒಂದು ಸಾಲು ಬರೆದು ಜಾರಿಕೊಳ್ಳಲು ದಾರಿ ಸಿಗುವುದು ಅಲ್ಲೇ. ರಕ್ತದ ಸಕ್ಕರೆಯನ್ನು ಅಂಕಿಯಲ್ಲಿ ತೋರಿಸುವ ಯಾವ ಉಪಕರಣವಾದರೂ, ಅದರ ಮೇಲೆ ಏನೇ ಬರೆದಿರಲಿ, ಗ್ಲುಕೋಮೀಟರ್ ದಾಟುವ ಪರೀಕ್ಷೆ ದಾಟಬೇಕು. ಆ ಅಳತೆಗೋಲು ಈಗಾಗಲೇ ಇದೆ. ಗ್ಲುಕೋಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15197ರ 2013ರ ಆವೃತ್ತಿಯ ಪ್ರಕಾರ ನೂರು ಅಳತೆಗಳಲ್ಲಿ ಕನಿಷ್ಠ 95, ಸಕ್ಕರೆ 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ ಒಳಗೆ, 100 ಮತ್ತು ಮೇಲಿದ್ದಾಗ ಶೇ 15ರ ಒಳಗೆ ಲ್ಯಾಬ್ ಅಂಕಿಗೆ ಹತ್ತಿರ ಇರಬೇಕು. ವಾಚ್‌ಗೆ ಇದರ ಜೊತೆ ಇನ್ನೆರಡು ಸೇರಿಸಬೇಕು: ಸಕ್ಕರೆ ಕಾಯಿಲೆ ಇರುವವರಲ್ಲಿ, 70ಕ್ಕಿಂತ ಕೆಳಗೆ ಇಳಿದಾಗಿನ ಅಳತೆಗಳು, ಮತ್ತು ಎಲ್ಲ ಬಣ್ಣದ ಚರ್ಮದವರ ಮೇಲೆ ಮಾಡಿದ ಪರೀಕ್ಷೆ. ಅಂಥ ದಾಖಲೆ ತೋರಿಸುವ ವಾಚ್ ಬರುವ ತನಕ ಇನ್ಸುಲಿನ್ ಎಷ್ಟು ಎಂದು ತೀರ್ಮಾನಿಸಬೇಕಾದ್ದು ಬೆರಳಿನ ಹನಿ ರಕ್ತ, ಇಲ್ಲವೇ ಒಪ್ಪಿಗೆ ಪಡೆದ ಸೆನ್ಸರ್ ನೋಡಿಯೇ.